ಒಂಬತ್ತು ಹೆಂಗಸರು, ಒಂದೇ ವಿಳಾಸ

ತಪ್ಪು ಶುರುವಾದದ್ದು ನನ್ನಿಂದ. ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ಗೋಣಿಕೊಪ್ಪಲಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ. ಪಹಣಿ, ರೇಷನ್ ಕಾರ್ಡು, ಆಧಾರ್ ಪ್ರಿಂಟು, ಕೋರ್ಟಿನ ಟೈಪಿಂಗು, ಹೀಗೆ ಅರ್ಜಿ ಎಂದು ಹೆಸರಿರುವುದೆಲ್ಲ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ. ಭಾನುವಾರ ಸಂತೆ. ಅವತ್ತು ಉಸಿರಾಡಲೂ ಪುರಸೊತ್ತಿರುವುದಿಲ್ಲ. ಕಾಫಿ ಕುಯ್ಲಿನ ಸಮಯದ ಅಂಥ ಒಂದು ಭಾನುವಾರ, ಹುದಿಕೇರಿ ಕಡೆಯ ಎಸ್ಟೇಟೊಂದರ ಕೆಲಸದವರ ಲೈನ್‌ಮನೆಗಳಿಂದ ಒಂಬತ್ತು ಹೆಂಗಸರು ಜೀಪಿಳಿದು ಸೀದಾ ನನ್ನ ಅಂಗಡಿಗೆ ಬಂದರು. ಮುಂದೆ ನಿಂತವರು ಎಸ್ಟೇಟಿನ ಶಿಶುವಿಹಾರ ನೋಡಿಕೊಳ್ಳುವ ಆಯಮ್ಮ. ತಾಯಂದಿರು ತೋಟಕ್ಕೆ ಹೋದಾಗ ಮಕ್ಕಳನ್ನು ಕಾಯುವವರು. ಎಲ್ಲರ ಕೈಯಲ್ಲೂ ಬಟ್ಟೆ ಸೋಪಿನ ಪುಡಿಯ ಖಾಲಿ ಪೊಟ್ಟಣಗಳು.

"ಅಕ್ಕ, ಇದ್ರಲ್ಲಿ ನಂಬರ್ ಉಂಟಲ್ಲ, ಇದನ್ನ ಫೋನಲ್ಲಿ ಹಾಕಿದ್ರೆ ಹೌಸಿ ಆಡ್ಬೋದಂತೆ. ನಮ್ಗೆಲ್ಲ ಒಂದೊಂದು ಮಾಡಿಕೊಡಿ," ಅಂದರು ಆಯಮ್ಮ.

ಹೌಸಿ ಅವರಿಗೆ ಹೊಸದಲ್ಲ. ತೋಟದ ಸಾವ್ಕಾರ್ರು ಕ್ಲಬ್ಬಿನಲ್ಲಿ ಆಡುತ್ತಾರೆ. ವರ್ಷಕ್ಕೊಮ್ಮೆ ಬೋನಸ್ ಕೊಡುವ ದಿನ ಕಾಫಿ ಒಣಗಿಸುವ ಕಣದಲ್ಲಿ ಕೆಲಸದವರಿಗೂ ಆಡಿಸುತ್ತಾರೆ. ಕೂಗಿದ ನಂಬರು ಚೀಟಿಯಲ್ಲಿದ್ದರೆ ಅದರ ಮೇಲೊಂದು ಒಣ ಕಾಫಿ ಬೀಜ ಇಡುವುದು. ಈಗ ಸೋಪಿನ ಕಂಪನಿಯೊಂದು ಅದೇ ಆಟವನ್ನು ಆ್ಯಪ್‌ನಲ್ಲಿ ತಂದಿತ್ತು. ಒಂದು ಪೊಟ್ಟಣಕ್ಕೆ ಒಂದು ಚೀಟಿ. ಬುಧವಾರ ಸಂಜೆ ನಂಬರು ಕೂಗುತ್ತಾರೆ. ಎಲ್ಲ ನಂಬರು ಮೊದಲು ಮುಗಿಸಿದವರಿಗೆ, ಅಂದರೆ ಫುಲ್ ಹೌಸ್ ಆದವರಿಗೆ, ಫ್ರಿಜ್.

ಆಯಮ್ಮನಿಗೆ ಬೇಕಾಗಿದ್ದದ್ದು ಆ ಫ್ರಿಜ್ಜೇ. ಅವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್. ಆಸ್ಪತ್ರೆಯಲ್ಲಿ ತಿಂಗಳಿಗಾಗುವಷ್ಟು ಬಾಟಲಿ ಕೊಟ್ಟು, ತಣ್ಣಗಿಡಿ ಅನ್ನುತ್ತಾರೆ. ಲೈನ್‌ಮನೆಯಲ್ಲಿ ತಣ್ಣಗಿರುವುದು ನೆಲ ಒಂದೇ. ಹಾಗಾಗಿ ಔಷಧಿ ಇರುವುದು ಗುಡ್ಡದ ಮೇಲಿನ ಬಂಗಲೆಯ ಫ್ರಿಜ್ಜಿನಲ್ಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹತ್ತಿ ಹೋಗಿ, ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು, ಅಡುಗೆಯವರು ಕೈ ಬಿಡುವಾಗಿ ಕೊಡುವ ತನಕ ಕಾಯಬೇಕು. ಸಾವ್ಕಾರ್ರ ಮನೆಯವರು ಒಳ್ಳೆಯವರೇ, ಒಂದು ದಿನವೂ ಇಲ್ಲ ಅಂದವರಲ್ಲ. ಆದರೂ ವರ್ಷಗಟ್ಟಲೆ ಇನ್ನೊಬ್ಬರ ಹಿಂಬಾಗಿಲಲ್ಲಿ ನಿಲ್ಲುವುದು ಏನೆಂದು ನಿಂತವರಿಗೇ ಗೊತ್ತು.

ಒಂಬತ್ತು ಖಾತೆಗಳನ್ನೂ ನಾನೇ ತೆರೆದೆ. ನನ್ನ ಕಂಪ್ಯೂಟರು, ನನ್ನ ವೈಫೈ, ಹನ್ನೊಂದರಿಂದ ಒಂದು ಗಂಟೆಯೊಳಗೆ ಒಂಬತ್ತೂ ಮುಗಿದವು. ಅವರವರ ಫೋನಿಗೆ ಬಂದ ಓಟಿಪಿಯನ್ನು ಅವರವರೇ ಓದಿ ಹೇಳಿದರು. ವಿಳಾಸ ಎಲ್ಲರದ್ದೂ ಆಧಾರಿನಲ್ಲಿದ್ದ ಹಾಗೆ: ಎಸ್ಟೇಟಿನ ಹೆಸರು, ಲೈನ್, ಹುದಿಕೇರಿ ಅಂಚೆ. ಹುಟ್ಟಿದ ದಿನವೂ ಎಲ್ಲರದ್ದೂ ಜನವರಿ ಒಂದು. ಹುಟ್ಟಿದ ತಾರೀಕು ಗೊತ್ತಿಲ್ಲ ಅಂದವರಿಗೆಲ್ಲ ಆಧಾರ್ ಮಾಡಿದವರು ಜನವರಿ ಒಂದನ್ನೇ ಕೊಟ್ಟುಬಿಟ್ಟಿದ್ದರು. ಸಾಲದ್ದಕ್ಕೆ ಒಂಬತ್ತರಲ್ಲಿ ಮೂವರು ಲಕ್ಷ್ಮಿಯರು. ಊರಿಗೆ ದೊಡ್ಡ ಲಕ್ಷ್ಮಿ, ಸಣ್ಣ ಲಕ್ಷ್ಮಿ, ಸೇಲಂ ಲಕ್ಷ್ಮಿ. ಕಂಪನಿಗೆ ಬರೀ ಲಕ್ಷ್ಮಿ, ಲಕ್ಷ್ಮಿ, ಲಕ್ಷ್ಮಿ.

ನಿಯಮಗಳಿಗೆ ಒಪ್ಪಿಗೆಯೇ ಎಂದು ಕೇಳಿದಲ್ಲಿ ಒಂಬತ್ತು ಸಲ ಟಿಕ್ ಒತ್ತಿದೆ. ಓದಲಿಲ್ಲ. ಓದುವವರು ಯಾರಿದ್ದಾರೆ ಎಂದು ನಾಚಿಕೆಯಿಲ್ಲದೆ ಕೇಳಬಲ್ಲೆ. ಆದರೆ ಅರ್ಜಿ ತುಂಬುವುದನ್ನೇ ಅನ್ನ ಮಾಡಿಕೊಂಡವಳಿಗೆ ಆ ಮಾತು ಶೋಭಿಸುವುದಿಲ್ಲ.

ಫೆಬ್ರವರಿಯ ಒಂದು ಬುಧವಾರ ಆಯಮ್ಮನಿಗೆ ಫುಲ್ ಹೌಸ್ ಆಯಿತು. ಕಣದ ಮೂಲೆಯಲ್ಲಿ, ಸಿಗ್ನಲ್ ಸಿಗುವ ಕಡೆ, ಎಲ್ಲರೂ ಒಂದೇ ಫೋನು ಸುತ್ತುವರಿದು ಕೂತಿದ್ದರಂತೆ. ಕೊನೆಯ ನಂಬರು ಬಂದಾಗ ಎದ್ದ ಕೂಗಿಗೆ ಬಂಗಲೆಯ ನಾಯಿಗಳೂ ಬೊಗಳಿದುವಂತೆ. ಆಯಮ್ಮ 'ಬಹುಮಾನ ಪಡೆಯಿರಿ' ಅನ್ನುವುದನ್ನು ಒತ್ತಿದರು. ಒಂದು ಚಕ್ರ ತಿರುಗಿತು. ಆಮೇಲೆ ಕೆಂಪು ಅಕ್ಷರ ಬಂತು: ಖಾತೆ ತಡೆಹಿಡಿಯಲಾಗಿದೆ. ಮರುದಿನದೊಳಗೆ ಒಂಬತ್ತೂ ಖಾತೆಗಳಿಗೆ ಬೀಗ.

ಆ ಭಾನುವಾರ ಆಯಮ್ಮ ಒಬ್ಬರೇ ಬಂದು ಫೋನನ್ನು ಮೇಜಿನ ಮೇಲಿಟ್ಟು ಕೂತರು. "ಅಕ್ಕ, ಇದ್ರಲ್ಲಿ ನಾನು ಕಳ್ಳಿ ಅಂತ ಬರ್ದಿದೆಯಾ?"

ಬರೆದಿದ್ದು ಹೆಚ್ಚುಕಡಿಮೆ ಅದೇ. ಒಬ್ಬರೇ ಹಲವು ನಕಲಿ ಖಾತೆ ತೆರೆದು ಆಡಿದ್ದಾರೆಂಬ ಅನುಮಾನವಂತೆ. ಅವತ್ತು ಅಂಗಡಿ ಮುಚ್ಚಿದ ಮೇಲೆ ಇಪ್ಪತ್ತೇಳು ಪುಟದ ನಿಯಮಗಳನ್ನು ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಓದಿದೆ. ಎಲ್ಲ ಇಂಗ್ಲಿಷು. ಓದುತ್ತಾ ಹೋದಂತೆ ನನಗೆ ಮೈಯೆಲ್ಲ ಉರಿಯಿತು. ಒಂದು ಮನೆಗೆ ಒಂದೇ ಖಾತೆ. ಒಂದು ಯಂತ್ರದಿಂದ ಒಂದೇ ಖಾತೆ. ಬೇರೆಯವರು ತೆರೆದುಕೊಟ್ಟ ಖಾತೆ ನಡೆಯುವುದಿಲ್ಲ. ಇವಿಷ್ಟನ್ನೂ ಚೀಟಿ ಮಾರುವ ಮೊದಲು ಹೇಳುವುದಿಲ್ಲ, ಬಹುಮಾನ ಬಂದ ಮೇಲೆ ನೋಡುತ್ತಾರೆ. ಆಡುವಷ್ಟು ದಿನ ಒಂಬತ್ತು ಜನರ ಪೊಟ್ಟಣವೂ ಬೇಕು. ಗೆದ್ದ ದಿನ ಒಂಬತ್ತು ಜನ ಒಬ್ಬಳೇ ಆಗಿಬಿಡಬೇಕು!

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇಪ್ಪತ್ತೊಂದನೇ ಪುಟ. ತೊಂಬತ್ತು ದಿನ ಖಾತೆಯೊಳಗೆ ಹೋಗದಿದ್ದರೆ ಖಾತೆಯೂ ಬಹುಮಾನವೂ ರದ್ದು. ಬೀಗ ಹಾಕಿದ ದಿನಗಳೂ ಆ ತೊಂಬತ್ತರಲ್ಲಿ ಸೇರುತ್ತವೆ. ಅಂದರೆ ಕಂಪನಿ ಏನೂ ಮಾಡದೆ ಸುಮ್ಮನೆ ಕೂತರೂ ಸಾಕು, ಫ್ರಿಜ್ ಉಳಿಯಿತು.

ಗೋಡೆಯ ಕ್ಯಾಲೆಂಡರಿನಲ್ಲಿ ತೊಂಬತ್ತನೇ ದಿನಕ್ಕೆ ಕೆಂಪು ಗುಂಡು ಹಾಕಿದೆ. ಮೇ ತಿಂಗಳ ಒಂದು ಮಂಗಳವಾರ.

ಮೊದಲ ಮನವಿಗೆ ವಿಳಾಸದ ಪುರಾವೆ ಕೇಳಿದರು. ಅವರವರ ಹೆಸರಿನ ಕರೆಂಟು ಬಿಲ್ಲು ಬೇಕಂತೆ. ಲೈನ್‌ಮನೆಯ ಕರೆಂಟು ಎಸ್ಟೇಟಿನ ಹೆಸರಿನಲ್ಲಿ. ಬಾಡಿಗೆ ಪತ್ರ? ಲೈನಿಗೆ ಎಲ್ಲಿಯ ಬಾಡಿಗೆ. ಮನೆ ನಂಬರು? ಉದ್ದಕ್ಕೆ ಒಂದೇ ಸೂರು, ಹತ್ತು ಬಾಗಿಲು. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ನಂಬರು ಸುಣ್ಣ ಹೊಡೆದಾಗಲೆಲ್ಲ ಅಳಿಸಿಹೋಗುತ್ತದೆ. ಹತ್ತು ಒಲೆ, ಹತ್ತು ಸಂಸಾರ ಇರುವುದನ್ನು ಆ ಅರ್ಜಿಯ ಯಾವ ಖಾನೆಯಲ್ಲೂ ತುಂಬಲು ಬರುವಂತಿರಲಿಲ್ಲ. ಬಾಗಿಲುಗಳ ಫೋಟೋ ತೆಗೆಸಿ ಕಳಿಸಿದೆ. ಹದಿನೆಂಟು ದಿನದ ಮೇಲೆ ಉತ್ತರ ಬಂತು: ಎಲ್ಲ ಬಾಗಿಲೂ ಒಂದೇ ಕಟ್ಟಡದಲ್ಲಿವೆ, ಆದ್ದರಿಂದ ಒಂದೇ ಮನೆ.

ಎರಡನೇ ಮನವಿಯಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ಇವರ ನಿಯಮಕ್ಕೆ ಸರಿಹೊಂದುವ ಹಾಗೆ ಬರೆದರೆ ಕೆಲಸ ಬೇಗ ಆಗುತ್ತದೆ ಅನ್ನಿಸಿತು. ಅರ್ಜಿ ತುಂಬಿ ತುಂಬಿ ಬರುವ ದುರ್ಬುದ್ಧಿ ಅದು. 'ಎಲ್ಲರೂ ತಂತಮ್ಮ ಫೋನಿನಲ್ಲಿ, ತಂತಮ್ಮ ಮನೆಯಲ್ಲಿ ಖಾತೆ ತೆರೆದಿದ್ದಾರೆ' ಎಂದು ಆಯಮ್ಮನ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಅವರನ್ನು ಕೇಳಲೂ ಇಲ್ಲ.

ಈ ಸಲ ಉತ್ತರ ನಾಲ್ಕೇ ದಿನಕ್ಕೆ ಬಂತು. ಒಂಬತ್ತೂ ಖಾತೆ ಒಂದೇ ಕಂಪ್ಯೂಟರಿನಿಂದ, ಒಂದೇ ದಿನ, ಇಂತಿಷ್ಟು ಗಂಟೆಗೆ ತೆರೆದ ಪಟ್ಟಿಯನ್ನೇ ಲಗತ್ತಿಸಿದ್ದರು. ಸುಳ್ಳು ಮಾಹಿತಿ ಕೊಟ್ಟದ್ದರಿಂದ ಮನವಿ ಮುಕ್ತಾಯ.

ಅಷ್ಟರಲ್ಲಿ ಏಪ್ರಿಲ್ ಬಂದಿತ್ತು. ಬಂಗಲೆಯವರು ಬೀಗ ಹಾಕಿ ಬೆಂಗಳೂರಿಗೆ ಹೋಗಿದ್ದರು. ಆಯಮ್ಮ ಇನ್ಸುಲಿನ್ ಬಾಟಲಿಗಳನ್ನು ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿಟ್ಟಿದ್ದರು. ಆ ವರ್ಷದ ಸೆಕೆಗೆ ಮಡಕೆ ಸೋತಿತು. ಸಕ್ಕರೆ ಏರಿ, ತಲೆ ಸುತ್ತಿ, ಮಕ್ಕಳ ಮುಂದೆಯೇ ಕುಸಿದು ಕೂತರಂತೆ. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ನಾನೇ ನೋಡಲು ಹೋದೆ. ಹೋದದ್ದು ಬರೀ ನೋಡಲಿಕ್ಕಲ್ಲ. ಹೇಳಲೇಬೇಕಾದ್ದೊಂದಿತ್ತು.

ಶಿಶುವಿಹಾರದ ಜಗಲಿಯಲ್ಲಿ ತೊಟ್ಟಿಲು ತೂಗುತ್ತಾ ಕೂತಿದ್ದರು. ಎಲ್ಲ ಹೇಳಿದೆ. ಅವರು ತೂಗುವುದನ್ನು ನಿಲ್ಲಿಸಿದರು.

"ನನ್ನ ಹೆಸ್ರಲ್ಲಿ ಸುಳ್ಳು ಬರ್ದ್ರಾ ಅಕ್ಕ?"

"ಬರೆದೆ ಆಯಮ್ಮ. ಬೇಗ ಆಗ್ಲಿ ಅಂತ."

"ಇಷ್ಟು ದಿನ ಅವ್ರು ಸುಮ್ಮಸುಮ್ನೆ ಕಳ್ಳಿ ಅಂತಿದ್ರು. ಈಗ ನಿಜ ಮಾಡಿಬಿಟ್ರಿ." ತೊಟ್ಟಿಲಿನ ಮಗುವಿನ ಹೊದಿಕೆ ಸರಿಮಾಡುತ್ತಾ, "ಇದ್ದದ್ದು ಇದ್ದ ಹಾಗೆ ಬರೀರಿ. ಫ್ರಿಜ್ ಹೋದ್ರೆ ಹೋಗ್ಲಿ. ನನ್ನ ಹತ್ರ ಮಕ್ಕಳನ್ನ ಬಿಟ್ಟು ಹೋಗ್ತಾರೆ ಅಕ್ಕ ಇವ್ರು. ಕಳ್ಳಿ ಅಂದ್ರೆ ಹೇಗೆ ಬಿಡ್ತಾರೆ?" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕಾಫಿ ಮಾಡಿಕೊಟ್ಟರು. ಬೆಲ್ಲದ ಕಾಫಿ ನನಗೆ, ಚಪ್ಪೆ ಕಾಫಿ ಅವರಿಗೆ. ವಾಪಸ್ ಬರುವ ಜೀಪಿನಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಗೋಣಿಕೊಪ್ಪಲು ಬರುವಷ್ಟರಲ್ಲಿ ಒಂದು ವಿಷಯ ಮಾತ್ರ ಗಟ್ಟಿಯಾಯಿತು. ಇದನ್ನು ನಾನು ಬಿಡುವುದಿಲ್ಲ.

ಆದರೆ ನಿಜ ಬರೆಯುವುದೂ ಸುಲಭವಿರಲಿಲ್ಲ. ಖಾತೆ ನಾನು ತೆರೆದೆ ಎಂದರೆ ಬೇರೆಯವರು ತೆರೆದ ಖಾತೆ ನಡೆಯುವುದಿಲ್ಲ ಎಂಬ ನಿಯಮ. ನಾನು ತೆರೆದಿಲ್ಲ ಎಂದರೆ ಸುಳ್ಳು. ಅತ್ತ ದರಿ, ಇತ್ತ ಪುಲಿ. ವಿರಾಜಪೇಟೆಯ ವಕೀಲರೊಬ್ಬರು ನನ್ನಲ್ಲಿ ಟೈಪಿಂಗ್ ಮಾಡಿಸುತ್ತಾರೆ. ಅವರ ಮುಂದೆ ಇಪ್ಪತ್ತೇಳು ಪುಟ ಹರಡಿದೆ. ಕನ್ನಡಕ ಹಣೆಗೇರಿಸಿ ಓದಿದರು.

"ಬೀಗ ಹಾಕಿದವ್ನೇ 'ಯಾಕಮ್ಮ ಒಳಗೆ ಬರ್ಲಿಲ್ಲ' ಅಂತ ಕೇಳಿದ್ರೆ ಅದು ನಿಯಮನಾ? ದುಡ್ಡು ಕೊಟ್ಟು ಪೊಟ್ಟಣ ತಗೊಂಡಿದ್ದಾರೆ, ಅವ್ರು ಗ್ರಾಹಕರು. ಗ್ರಾಹಕರ ಆಯೋಗಕ್ಕೆ ಹೋಗೋಣ. ಅದಕ್ಕೆ ಮುಂಚೆ ಕಂಪನಿಗೊಂದು ರಿಜಿಸ್ಟರ್ಡ್ ಪತ್ರ ಹಾಕಿ. ನಿಮ್ಮ ತಪ್ಪನ್ನ ಮೊದಲನೇ ಸಾಲಲ್ಲೇ ಬರೀರಿ. ಅವರು ಹುಡುಕಿ ತೆಗೆಯೋ ಹಾಗಿರಬಾರ್ದು." ಆಮೇಲೆ ನನ್ನನ್ನೇ ನೋಡಿ, "ಒಂಬತ್ತೂ ಜನ ಅವತ್ತು ನಿಮ್ಮ ಅಂಗಡಿಗೆ ಬಂದಿದ್ರು ಅನ್ನೋದಕ್ಕೆ ಏನಾದ್ರೂ ಉಂಟಾ?" ಎಂದು ಕೇಳಿದರು.

ಇತ್ತು. ಯಾರ ಅರ್ಜಿ ತುಂಬಿದರೂ ನಾನು ರಿಜಿಸ್ಟರಿನಲ್ಲಿ ಹೆಸರು, ಹೊತ್ತು, ಕೆಲಸ ಬರೆಸಿ ಸಹಿ ಹಾಕಿಸುತ್ತೇನೆ. ಆ ಭಾನುವಾರದ ಪುಟ ತೆಗೆದೆ. ಐದು ಸಹಿ, ನಾಲ್ಕು ಹೆಬ್ಬೆಟ್ಟು. ಒಂಬತ್ತು ಬೇರೆ ಬೇರೆ ಕೈಗಳು. ಎರಡು ತಿಂಗಳು ಬಾಗಿಲು, ಕರೆಂಟು ಬಿಲ್ಲು ಎಂದು ಅಲೆದಿದ್ದೆ. ಬೇಕಾದ ಕಾಗದ ನನ್ನ ಮೇಜಿನ ಖಾನೆಯಲ್ಲೇ ಮಲಗಿತ್ತು.

ಕನ್ನಡದಲ್ಲೇ ಬರೆದೆ. ಆಯಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿ, ಅವರು ಹೂಂ ಅಂದ ಮೇಲೆ ಕಳಿಸಿದೆ. ಮೊದಲ ಸಾಲು: 'ಒಂಬತ್ತು ಖಾತೆಗಳನ್ನು ತೆರೆದವಳು ನಾನು, ಹಿಂದಿನ ಮನವಿಯಲ್ಲಿ ಸುಳ್ಳು ಬರೆದವಳೂ ನಾನು. ಈ ಹೆಂಗಸರು ಎರಡನ್ನೂ ಮಾಡಿಲ್ಲ.' ರಿಜಿಸ್ಟರಿನ ಪುಟದ ನಕಲು ಸೇರಿಸಿದೆ. ಆಯೋಗಕ್ಕೆ ಕೊಡುವ ದೂರಿನ ಕರಡನ್ನೂ ಜೊತೆಗಿಟ್ಟೆ. ಅದು ಎಪ್ಪತ್ತೊಂದನೇ ದಿನ.

ಎಂಬತ್ತನೇ ದಿನ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಕಂಪನಿಯ ದೂರು ವಿಭಾಗದ ಅಧಿಕಾರಿ. ಸಹಿಗಳು ಸರಿ, ಆದರೆ ಜನರನ್ನು ನೋಡಬೇಕು ಅಂದರು. ಒಂಬತ್ತೂ ಜನ ಒಟ್ಟಿಗೆ, ವಿಡಿಯೋ ಕಾಲಿನಲ್ಲಿ. ಹಗಲಲ್ಲಿ ಎಲ್ಲರೂ ತೋಟದ ಮೂಲೆ ಮೂಲೆಯಲ್ಲಿರುತ್ತಾರೆ. ಒಟ್ಟಿಗೆ ಸಿಗುವುದು ಬೆಳಿಗ್ಗೆ ಏಳೂವರೆಯ ಹಾಜರಿಗೆ ಮಾತ್ರ. ಆ ಹೊತ್ತಿಗೆ ನಮ್ಮ ಆಫೀಸೇ ತೆರೆದಿರುವುದಿಲ್ಲ ಅಂದರು. "ಹಾಗಾದ್ರೆ ನೀವು ಮನೆಯಿಂದಲೇ ಮಾಡಿ ಮೇಡಂ. ಇವರೂ ಮನೆಯ ಹತ್ರಾನೇ ಇರ್ತಾರೆ," ಅಂದೆ. ಒಪ್ಪಿದರು.

ಹಾಜರಿ ಪುಸ್ತಕ ತೋರಿಸಲು ಎಸ್ಟೇಟಿನ ರೈಟರನ್ನು ಕೇಳಿದೆ. ಕೆಲಸದವರ ಲೆಕ್ಕ ಬರೆಯುವವರು ಅವರೇ. ಹಿಂದೆಯೂ ಎರಡು ಸಲ ಕೇಳಿ ಬರಿಗೈಯಲ್ಲಿ ಬಂದಿದ್ದೆ. "ಸಾವ್ಕಾರ್ರ ಬುಕ್ಕು ಮೇಡಂ, ಹೊರಗೆ ಕೊಡಕ್ಕಾಗಲ್ಲ," ಅಂದರು ಮತ್ತೆ. ಆಮೇಲೆ ಕಿವಿಯ ಹಿಂದಿನ ಪೆನ್ನು ತೆಗೆಯುತ್ತಾ, "ಆದ್ರೆ ಹಾಜರಿ ಕೂಗೋದು ನನ್ನ ದಿನಾ ಕೆಲ್ಸ. ಯಾರು ಕೇಳಿಸ್ಕೊಂಡ್ರೂ ನಂಗೇನು?" ಅಂದರು.

ಎಂಬತ್ತಮೂರನೇ ದಿನ ಮೊದಲ ಬಸ್ಸು ಹಿಡಿದು ಹೋದೆ. ಆ ಎಸ್ಟೇಟಿನಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಟ್ಯಾಂಕಿನ ಕಟ್ಟೆಯ ಮೇಲೆ ಎರಡು ಕಲ್ಲಿನ ನಡುವೆ ಫೋನು ನಿಲ್ಲಿಸಿದೆ. ಎದುರಿಗೆ ಹೆಂಗಸರು ಸಾಲಾಗಿ ನಿಂತರು. ತಲೆಗೆ ಬಟ್ಟೆ, ಸೊಂಟಕ್ಕೆ ಕತ್ತಿ, ಕೈಯಲ್ಲಿ ಆಧಾರ್ ಕಾರ್ಡು. ಎಣಿಸಿದೆ, ಎಂಟು.

"ಇನ್ನೊಬ್ರು?"

"ಸಣ್ಣ ಲಕ್ಷ್ಮಿ ಅಕ್ಕ. ಬರ್ತಾಳೆ, ಬರ್ತಾಳೆ," ಅಂದಳು ದೊಡ್ಡ ಲಕ್ಷ್ಮಿ ಬೇರೆಲ್ಲೋ ನೋಡುತ್ತಾ.

ಅಷ್ಟರಲ್ಲಿ ಪರದೆಯ ಮೇಲೆ ಅಧಿಕಾರಿಯ ಮುಖ ಬಂತು. ಕೈಯಲ್ಲಿ ಚಹಾ ಲೋಟ, ಮುಂದೆ ಪಟ್ಟಿ. ರೈಟರ್ ಪುಸ್ತಕ ಬಿಡಿಸಿ ಕೂಗಲು ಶುರು ಮಾಡಿದರು. ಒಬ್ಬೊಬ್ಬರೂ 'ಇದ್ದೀನಿ' ಎಂದು ಒಂದು ಹೆಜ್ಜೆ ಮುಂದೆ ಬಂದು ಕಾರ್ಡು ತೋರಿಸಿ ಹಿಂದೆ ಸರಿದರು. ಆಯಮ್ಮ. ಸೇಲಂ ಲಕ್ಷ್ಮಿ. ದೊಡ್ಡ ಲಕ್ಷ್ಮಿ.

"ಸಣ್ಣ ಲಕ್ಷ್ಮಿ."

"ಇದ್ದೀನಿ!"

ಧ್ವನಿ ದೊಡ್ಡ ಲಕ್ಷ್ಮಿಯದು. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಸಣ್ಣ ಲಕ್ಷ್ಮಿಗೆ ಎಳೆ ಮಗು. ಹಾಲು ಕುಡಿಸಿ, ಶಿಶುವಿಹಾರದಲ್ಲಿ ಬಿಟ್ಟು ಬರುವಾಗ ದಿನಾ ಐದು ನಿಮಿಷ ತಡ. ಆ ಐದು ನಿಮಿಷಕ್ಕೆ ದಿನಾ ದೊಡ್ಡ ಲಕ್ಷ್ಮಿ 'ಇದ್ದೀನಿ' ಅನ್ನುತ್ತಾಳೆ. ರೈಟರಿಗೂ ಗೊತ್ತು, ಅವರು ಪುಸ್ತಕದಿಂದ ತಲೆಯೆತ್ತುವುದಿಲ್ಲ. ಲೈನಿನ ಹೆಂಗಸರು ಒಬ್ಬರನ್ನೊಬ್ಬರು ಕಾಯುವ ರೀತಿ ಅದು. ಅವತ್ತೂ ಅದೇ ಅಭ್ಯಾಸಬಲದಲ್ಲಿ ಬಾಯಿಗೆ ಬಂದಿತ್ತು. ನಾವು ಒಂಬತ್ತು ಜನ ಬೇರೆ ಬೇರೆ ಎಂದು ತೋರಿಸಲು ನಿಂತಿದ್ದೆವು. ಅಲ್ಲಿ ಒಬ್ಬಳು ಇಬ್ಬರಾಗಿಬಿಟ್ಟಿದ್ದಳು.

ಅಧಿಕಾರಿ ಪಟ್ಟಿ ನೋಡುತ್ತಿದ್ದರು. ಗಮನಿಸಿರಲಿಕ್ಕಿಲ್ಲ ಅನ್ನಿಸಿತು. ಸುಮ್ಮನಿದ್ದರೆ ದಾಟಿಹೋಗುತ್ತಿತ್ತೇನೋ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದೆ.

ಆಯಮ್ಮ ಸಾಲು ಬಿಟ್ಟು ಮುಂದೆ ಬಂದರು.

"ಇಲ್ಲ ಮೇಡಂ. ಸಣ್ಣ ಲಕ್ಷ್ಮಿ ಇಲ್ಲಿಲ್ಲ. ಅವ್ಳ ಅಮ್ಮಂಗೆ ಹುಷಾರಿಲ್ಲ ಅಂತ ಬೆಳಿಗ್ಗೆ ಮೊದ್ಲ ಬಸ್ಸಿಗೆ ಪಿರಿಯಾಪಟ್ಟಣಕ್ಕೆ ಹೋದ್ಳು. ಈಗ ಮಾತಾಡಿದ್ದು ಅವ್ಳಲ್ಲ."

ಅಧಿಕಾರಿ ಲೋಟ ಕೆಳಗಿಟ್ಟರು.

"ಮತ್ತೆ ಯಾರು ಇದ್ದೀನಿ ಅಂದಿದ್ದು?"

ದೊಡ್ಡ ಲಕ್ಷ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೈಯೆತ್ತಿದಳು. "ನಾನು ಮೇಡಂ. ದಿನಾ ಹೇಳಿ ಹೇಳಿ... ಬಾಯಿಗೆ ಬಂದುಬಿಡ್ತು."

ರೈಟರ್ ಪೆನ್ನು ತೆಗೆದರು. ಸಣ್ಣ ಲಕ್ಷ್ಮಿಯ ಹೆಸರಿನ ಮುಂದೆ ಗೈರು ಹಾಕಿದರು. ಆಮೇಲೆ, ಯಾರಿಗೂ ತೋರಿಸುವುದಿಲ್ಲ ಎಂದಿದ್ದ ಪುಸ್ತಕವನ್ನು ತಾವೇ ತಿರುಗಿಸಿ ಫೋನಿನ ಮುಂದೆ ಹಿಡಿದರು. ತಿಂಗಳ ಪೂರ್ತಿ ಹಾಜರಿ, ಒಂಬತ್ತು ಹೆಸರು, ಒಂಬತ್ತು ಸಾಲು. "ನೋಡ್ಕೊಳ್ಳಿ ಮೇಡಂ. ಇವತ್ತು ಅವ್ಳಿಲ್ಲ. ನಿನ್ನೆ ಇದ್ಲು."

ಅಧಿಕಾರಿ ತುಂಬ ಹೊತ್ತು ನೋಡಿದರು. ಕೊನೆಗೆ ಆಯಮ್ಮನನ್ನು ಕರೆದು, "ನೀವು ಸುಮ್ನಿದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ ಅಲ್ವಾ?" ಅಂದರು.

"ನಂಗೆ ಗೊತ್ತಾಗ್ತಿತ್ತಲ್ಲ ಮೇಡಂ," ಅಂದರು ಆಯಮ್ಮ.

ಎಂಬತ್ತೇಳನೇ ದಿನ ಮಿಂಚಂಚೆ ಬಂತು. ಎಂಟು ಖಾತೆಗಳ ಬೀಗ ತೆಗೆಯಲಾಗಿದೆ, ಬಹುಮಾನ ಕಳಿಸಲಾಗುವುದು. ಒಂಬತ್ತನೆಯದು ಪರಿಶೀಲನೆಗೆ ಹಾಜರಾಗದ ಕಾರಣ ಶಾಶ್ವತವಾಗಿ ರದ್ದು. ಇಪ್ಪತ್ತೇಳು ಪುಟಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ನೋಡಿದೆ, ಮತ್ತೊಮ್ಮೆ ಪೂರ್ತಿ ಓದಿ ನೋಡಿದೆ.

ಫ್ರಿಜ್ ಗೋಣಿಕೊಪ್ಪಲಿನವರೆಗೆ ಲಾರಿಯಲ್ಲಿ, ಅಲ್ಲಿಂದ ಜೀಪಿನಲ್ಲಿ ಹೋಯಿತು. ಮಳೆ ಹಿಡಿಯುವ ಎರಡು ದಿನ ಮೊದಲು. ಅಷ್ಟರಲ್ಲಿ ಬಂಗಲೆಯವರು ಬೆಂಗಳೂರಿನಿಂದ ವಾಪಸಾಗಿ, ಔಷಧಿ ಮತ್ತೆ ಅವರ ಫ್ರಿಜ್ಜು ಸೇರಿತ್ತು. ಆಯಮ್ಮ ಬಂಗಲೆಗೆ ಹತ್ತಿ, ತಮ್ಮ ಬಾಟಲಿಗಳನ್ನು ತೆಗೆದುಕೊಂಡು, ಅಡುಗೆಯವರಿಗೆ ಕೈಮುಗಿದು ಇಳಿದು ಬಂದರಂತೆ. ಇದನ್ನು ಫೋನಿನಲ್ಲಿ ಹೇಳಿದವರು ರೈಟರ್. ಕೇಳಿ ನಾನು ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಸಂತೆಯ ದಿನ ಆಯಮ್ಮ ಬಂದರು. ಹಿಂದೆ ಮಗುವನ್ನು ಸೊಂಟದಲ್ಲಿಟ್ಟುಕೊಂಡ ಸಣ್ಣ ಲಕ್ಷ್ಮಿ, ಬಾಗಿಲಲ್ಲಿ ದೊಡ್ಡ ಲಕ್ಷ್ಮಿ.

"ಅಕ್ಕ, ಇವಳ್ದೂ ಬರೀರಿ."

"ಆಯಮ್ಮ, ಇವಳ ಖಾತೆಯಲ್ಲಿ ಇರೋದು ಒಂದೇ ಒಂದು ಹಳೇ ಚೀಟಿ. ಏನೂ ಸಿಗಲ್ಲ."

"ಸಿಗೋದು ಬೇಡ," ಅಂದರು ಆಯಮ್ಮ. "ಅವ್ರ ಬುಕ್ಕಲ್ಲಿ ಇವ್ಳು ಸುಳ್ಳು ಮನುಷ್ಯಳಾಗಿ ಉಳ್ಕೊಂಡಿದ್ದಾಳೆ. ಅವತ್ತು ಇವ್ಳು ಇಲ್ಲ ಅಂತ ಹೇಳಿದ್ದು ನಾನು. ಇದ್ದಾಳೆ ಅಂತ ಹೇಳೋದೂ ನನ್ನ ಕೆಲ್ಸ ಅಲ್ವಾ?"

ನಾನು ರಿಜಿಸ್ಟರ್ ತೆಗೆದು, ಹೊಸ ಪುಟ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದೆ. "ಸಣ್ಣ ಲಕ್ಷ್ಮಿ ಯಾರು?" ಎಂದು ಬೇಕೆಂದೇ ಗಟ್ಟಿಯಾಗಿ ಕೇಳಿದೆ.

ಬಾಗಿಲಲ್ಲಿದ್ದ ದೊಡ್ಡ ಲಕ್ಷ್ಮಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ನಾನೇ ಅಕ್ಕ," ಅಂದಳು ಸಣ್ಣ ಲಕ್ಷ್ಮಿ. ಮಗುವನ್ನು ಆಯಮ್ಮನ ಕೈಗೆ ಕೊಟ್ಟು ಸಹಿ ಹಾಕಿದಳು.